ಕೊಟ್ಟ ದನಿಯ ಋಣ

ನನ್ನ ಕಂಪ್ಯೂಟರಿನಲ್ಲಿ ಒಂದು ಶಹನಾಯಿ ಇದೆ. ಕಟ್ಟಿಗೆಯದಲ್ಲ, ಕೆಲವು ನೂರು ಫೈಲುಗಳ ಶಹನಾಯಿ. ಒಂದೊಂದು ಫೈಲಿಗೂ ಉದ್ದನೆಯ ಹೆಸರಿದೆ: ಶಹನಾಯಿ, ದೀರ್ಘ ಸ್ವರ, ಡಿ ಶಾರ್ಪ್, ಮೆಲುದನಿ, ಮೂರನೆಯ ಸಲ. ಸ್ವರ ಯಾವುದು, ಎಷ್ಟು ಜೋರು, ಎಷ್ಟನೆಯ ಸಲ ಊದಿದ್ದು ಎಂಬ ವಿವರವೆಲ್ಲ ಆ ಹೆಸರಿನಲ್ಲಿದೆ. ಊದಿದವರು ಯಾರು ಎಂಬುದು ಮಾತ್ರ ಇಲ್ಲ.

ಇದಕ್ಕೆ ಸ್ಯಾಂಪಲ್ ಲೈಬ್ರರಿ ಎನ್ನುತ್ತಾರೆ. ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ವಾದಕನನ್ನು ಸ್ಟುಡಿಯೊದಲ್ಲಿ ಕೂರಿಸಿ ಅವನಿಂದ ರಾಗ ಕೇಳುವುದಿಲ್ಲ, ಬಿಡಿ ಸ್ವರಗಳನ್ನು ಕೇಳುತ್ತಾರೆ. ಒಂದೇ ಸ್ವರವನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಊದಿಸುತ್ತಾರೆ. ಪ್ರತಿಯೊಂದನ್ನೂ ನಾಲ್ಕೈದು ಸಲ ಊದಿಸುತ್ತಾರೆ. ಒಂದೇ ಮುದ್ರಣ ಮತ್ತೆ ಮತ್ತೆ ಬಂದರೆ ಕೇಳುವ ಕಿವಿಗೆ ಇದು ಯಂತ್ರ ಎಂದು ಗೊತ್ತಾಗಿಬಿಡುತ್ತದೆ. ಆಮೇಲೆ ಉಸಿರು ಎಳೆದ ಸದ್ದು, ಕುರ್ಚಿ ಅಲುಗಿದ ಸದ್ದು ಎಲ್ಲವನ್ನೂ ಕತ್ತರಿಸಿ, ಸ್ವರಗಳನ್ನು ಕೀಬೋರ್ಡಿನ ಮನೆಗಳಿಗೆ ಹಂಚುತ್ತಾರೆ. ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಮನೆ ಒತ್ತಿದರೂ ಆ ಮನುಷ್ಯನ ಉಸಿರು ಕೇಳುತ್ತದೆ. ಜನಪದ ಹಾಡುಗಳಿಗೆ, ಕಿರುಚಿತ್ರಗಳಿಗೆ ಸಂಗೀತ ಕೂಡಿಸುವುದು ನನ್ನ ಹೊಟ್ಟೆಪಾಡು. ಇಂಥ ಲೈಬ್ರರಿಗಳಿಲ್ಲದೆ ನನ್ನ ಒಂದು ದಿನವೂ ಸಾಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಹೊರಗೆ ನಿಂತವನ ದೂರಲ್ಲ, ಒಳಗಿರುವವನ ಪ್ರಶ್ನೆ. ಒಮ್ಮೆ ರೊಕ್ಕ ಕೊಟ್ಟು ಕೊಂಡ ದನಿಯ ಋಣ ಅಲ್ಲಿಗೆ ತೀರುತ್ತದೆಯೇ? ತೀರದಿದ್ದರೆ ಉಳಿಯುವುದೇನು?

ನಾನು ಬೀಳಗಿಯವನು. ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಈ ಸಣ್ಣ ಊರಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರು ತಮ್ಮ ದನಿಯನ್ನೇ ನಂಬಿ ಮುಂಬಯಿಗೆ ಹೋದರು. ಅಕ್ಕ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು, ಮುಂದೆ ಅವರ ಬಾಳಸಂಗಾತಿಯೂ ಆದರು. ತಂಗಿ ಅಮೀರಬಾಯಿ ಕರ್ನಾಟಕಿ ಸಿನಿಮಾ ಸೇರಿದರು. 1943ರ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಸಂಗೀತಕ್ಕೆ ಹಾಡಿದರು. ಆ ಚಿತ್ರ ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮರುವರ್ಷ ನೌಷಾದರ ‘ರತನ್’ಗೆ ಹಾಡಿದರು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆ ಅವರ ಬಗ್ಗೆ ಪುಸ್ತಕ ಬರೆಯುವ ಹೊತ್ತಿಗೆ, ಒಂದು ಕಾಲಕ್ಕೆ ದೇಶವೇ ಕೇಳಿದ ಆ ದನಿ ತನ್ನ ನಾಡಿನಲ್ಲೇ ಹೆಚ್ಚುಕಡಿಮೆ ಮರೆತುಹೋಗಿತ್ತು.

ರೆಕಾರ್ಡ್ ಉದ್ಯಮದ ಕಥೆಯನ್ನು ನಾವು ಸಾಮಾನ್ಯವಾಗಿ ಸುಲಿಗೆಯ ಕಥೆಯಾಗಿ ಹೇಳುತ್ತೇವೆ. ಕಂಪನಿ ಗೆದ್ದಿತು, ಕಲಾವಿದ ಸೋತ. ಅಮೀರಬಾಯಿಯ ಬದುಕು ಈ ಕಥೆಗೆ ಸರಿಯಾಗಿ ಹೊಂದುವುದಿಲ್ಲ. ಹಾಡುವ, ಆಡುವ ಮನೆತನಗಳ ಹೆಣ್ಣುಮಕ್ಕಳಿಗೆ ಆ ಕಾಲದಲ್ಲಿ ಮುಖ ತೋರಿಸಿ ಹಾಡುವುದೆಂದರೆ ಮಾನವನ್ನು ಪಣಕ್ಕಿಟ್ಟಂತೆ. ಕಪ್ಪು ತಟ್ಟೆಯೊಂದು ದನಿಯನ್ನು ದೇಹದಿಂದ ಬಿಡಿಸಿದಾಗ, ಮನೆಯೊಳಗೆ ಕಾಲಿಡಲು ಬಿಡದವರ ಪಡಸಾಲೆಗೂ ಅವರ ದನಿ ಹೋಯಿತು. ಅಂಗಳದಲ್ಲಿ ನಿಲ್ಲಿಸುತ್ತಿದ್ದವರು ಗ್ರಾಮಫೋನಿಗೆ ಕಿವಿಗೊಟ್ಟು ಕೂತರು. ಆದ್ದರಿಂದ ದನಿಯನ್ನು ಮನುಷ್ಯನಿಂದ ಬೇರ್ಪಡಿಸಿದ್ದೇ ತಪ್ಪು ಎಂದು ನಾನು ಹೇಳಲಾರೆ. ಆ ಬೇರ್ಪಡಿಕೆಯೇ ನಮ್ಮೂರ ಅಕ್ಕತಂಗಿಯರಿಗೆ ರೆಕ್ಕೆ ಕೊಟ್ಟಿತು.

ತಪ್ಪು ಅಲ್ಲಿಲ್ಲದಿದ್ದರೆ ಮತ್ತೆಲ್ಲಿದೆ? ಇದಕ್ಕೆ ಎರಡು ರೆಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿದರು. ಹಾಡು ಮೂರು ನಿಮಿಷದೊಳಗೆ ಮುಗಿಯಬೇಕು. ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಕಾರಣ ಸರಳ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಯಾವುದೆಂದು ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ಕೆಲಸದ ಅನುಕೂಲಕ್ಕೆ ಹೇಳಿದ ಹೆಸರು ಹಾಡಿನ ಭಾಗವಾಗಿಬಿಟ್ಟಿತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲೇ ತೀರಿಕೊಂಡರು. ಆಸ್ತಿ ಕರಗಿತ್ತು, ಹೆಸರು ತಟ್ಟೆಯೊಳಗೆ ಉಳಿದಿತ್ತು.

ಇನ್ನೊಂದು 1949ರ ‘ಮಹಲ್’ ಚಿತ್ರದ ರೆಕಾರ್ಡು. ಲತಾ ಮಂಗೇಶ್ಕರ್ ಅವರನ್ನು ಮನೆಮಾತು ಮಾಡಿದ ಹಾಡು ಅದು. ರೆಕಾರ್ಡಿನ ಚೀಟಿಯ ಮೇಲೆ ಮಾತ್ರ ಗಾಯಕಿಯ ಹೆಸರು ‘ಕಾಮಿನಿ’ ಎಂದು ಅಚ್ಚಾಗಿತ್ತು. ಕಾಮಿನಿ ಎಂಬುದು ತೆರೆಯ ಮೇಲಿನ ಪಾತ್ರದ ಹೆಸರು. ದನಿ ದೇಹದಿಂದ ಮೊದಲೇ ಬೇರೆಯಾಗಿತ್ತು, ಈಗ ಹೆಸರಿನಿಂದಲೂ ಬೇರೆಯಾಯಿತು. ಸಂಬಳ ಸಿಕ್ಕಿತ್ತು, ಲೆಕ್ಕ ಚುಕ್ತಾ ಆಗಿತ್ತು. ಆದರೂ ಏನೋ ಬಾಕಿ ಉಳಿದಿದೆ ಎಂದು ಕೇಳಿದವರಿಗೆ ಅನ್ನಿಸಿತು. ಹಾಡಿದವರು ಯಾರು ಎಂದು ಜನ ವಿಚಾರಿಸತೊಡಗಿದರು.

ಆ ಬಾಕಿ ಯಾವುದು ಎಂಬುದರ ಬಗ್ಗೆ 1960ರ ದಶಕದಲ್ಲಿ ಇಬ್ಬರು ದೊಡ್ಡ ಗಾಯಕರ ನಡುವೆಯೇ ಭಿನ್ನಮತ ಬಂತು. ಹಾಡು ಮಾರಾಟವಾದಾಗಲೆಲ್ಲ ಗಾಯಕರಿಗೂ ಪಾಲು ಬರಬೇಕು ಎಂದರು ಲತಾ. ಸಂಭಾವನೆ ಪಡೆದ ಮೇಲೆ ಗಾಯಕನ ಹಕ್ಕು ಅಲ್ಲಿಗೆ ಮುಗಿಯಿತು ಎಂದರು ಮೊಹಮ್ಮದ್ ರಫಿ. ಕೆಲವು ವರ್ಷ ಇಬ್ಬರೂ ಕೂಡಿ ಹಾಡಲಿಲ್ಲ. ಈ ಕಥೆ ಕೇಳಿದಾಗ ನಮ್ಮ ಮನಸ್ಸು ಥಟ್ಟನೆ ಲತಾ ಕಡೆ ವಾಲುತ್ತದೆ. ಆದರೆ ರಫಿಯವರ ಮಾತಿನಲ್ಲೂ ಒಂದು ಘನತೆಯಿದೆ. ಮನೆ ಕಟ್ಟಿದ ಗೌಂಡಿ ವರ್ಷವರ್ಷವೂ ಬಾಡಿಗೆ ಕೇಳಲು ಬರುವುದಿಲ್ಲ. ಕೆಲಸ ಮಾಡಿದೆ, ಕೂಲಿ ಪಡೆದೆ, ಇನ್ನು ನೀನು ನನಗೆ ಋಣಿಯಲ್ಲ, ನಾನು ನಿನಗೆ ಋಣಿಯಲ್ಲ ಎಂಬುದು ಸ್ವಾಭಿಮಾನಿ ದುಡಿಮೆಗಾರನ ಮಾತು. ಅದನ್ನು ದಡ್ಡತನ ಎನ್ನಲಾಗದು.

ನನಗೆ ಹೊಳೆಯುವ ವ್ಯತ್ಯಾಸ ಇಷ್ಟು. ಗೌಂಡಿ ಇಟ್ಟ ಇಟ್ಟಿಗೆ ಮುಂದೆ ಅವನ ಕೈಯಾಗಿ ಕೆಲಸ ಮಾಡುವುದಿಲ್ಲ. ಮುದ್ರಿಸಿದ ದನಿ ಮಾತ್ರ ಪ್ರತಿ ಸಲವೂ ಅದೇ ಮನುಷ್ಯನ ದನಿಯಾಗಿಯೇ ಮೊಳಗುತ್ತದೆ. ಅಂದಿನ ರಫಿಯವರಿಗೆ ತಮ್ಮ ದನಿ ಯಾವ ಹಾಡಿನಲ್ಲಿ ಕೇಳಿಸುತ್ತದೆ ಎಂದಾದರೂ ಗೊತ್ತಿತ್ತು. ಸಾಹಿತ್ಯ ಓದಿದ್ದರು, ಧಾಟಿ ಕಲಿತಿದ್ದರು, ಬೇಡವೆನಿಸಿದರೆ ಬೇಡ ಎನ್ನಬಹುದಿತ್ತು. ಕೂಲಿ ಪಡೆದು ಕೈ ತೊಳೆದುಕೊಳ್ಳುವ ಘನತೆ ನಿಂತಿದ್ದುದೇ ಆ ತಿಳಿವಿನ ಮೇಲೆ. ಸ್ಯಾಂಪಲ್ ಕೊಟ್ಟ ಶಹನಾಯಿಯವನಿಗೆ ಆ ತಿಳಿವೂ ಇಲ್ಲ. ಅವನ ಉಸಿರು ನಾಳೆ ಮದುವೆಯ ರೀಲ್ಸಿಗೂ ಹೋಗಬಹುದು, ಸಾರಾಯಿಯ ಜಾಹೀರಾತಿಗೂ ಹೋಗಬಹುದು, ಅವನದೇ ಜನರನ್ನು ಬೈಯುವ ಹಾಡಿಗೂ ಹಿಮ್ಮೇಳವಾಗಬಹುದು. ಹಾಡುವುದೆಂದರೆ ಯಾರಿಗೋ ಏನನ್ನೋ ಹೇಳುವುದು. ಸ್ಯಾಂಪಲ್ ಕೊಡುವುದೆಂದರೆ ಮುಂದೆ ಇನ್ಯಾರೋ ಏನನ್ನೋ ಹೇಳಲು ತನ್ನ ಗಂಟಲನ್ನು ಎರವಲು ಕೊಡುವುದು. ಏನು ಹೇಳುತ್ತಾರೆ ಎಂದು ಕೇಳುವ ಅವಕಾಶವೂ ಅದರಲ್ಲಿಲ್ಲ.

ಜನಪದವೇ ಎರವಲಿನ ಲೋಕವಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಬರಲೇಬೇಕು. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದ ಧಾಟಿಗಳು ಮೇಳದಿಂದ ಮೇಳಕ್ಕೆ ದಾಟಿದವು. ಭಜನೆಯ ಮಟ್ಟು ನಾಟಕಕ್ಕೆ ಹೋಗುತ್ತದೆ, ನಾಟಕದ ಮಟ್ಟು ಮೊಹರಮ್ಮಿನ ಪದಕ್ಕೆ ಬರುತ್ತದೆ. ಹಾರ್ಮೋನಿಯಂ ನಮ್ಮದಲ್ಲ, ಶಹನಾಯಿ ಎಂಬ ಮಾತೂ ನಮ್ಮದಲ್ಲ. ಯಾರೂ ಯಾರ ಅಪ್ಪಣೆ ಕೇಳಲಿಲ್ಲ, ರಾಯಲ್ಟಿ ಕೊಡಲಿಲ್ಲ. ಹೀಗಿರುವಾಗ ಕಂಪ್ಯೂಟರ್ ಮಾಡಿದರೆ ಮಾತ್ರ ಯಾಕೆ ಈ ರಗಳೆ?

ಎರವಲು ಹೌದು, ಆದರೆ ಆ ಎರವಲಿಗೆ ಕಟ್ಟುಪಾಡಿತ್ತು. ಧಾಟಿ ಕಲಿಯಬೇಕೆಂದರೆ ಕಲಿಸುವವನ ಎದುರು ವರ್ಷಗಟ್ಟಲೆ ಕೂರಬೇಕಿತ್ತು. ತನ್ನ ಗಂಟಲಿನಿಂದಲೇ ಅದನ್ನು ಮತ್ತೆ ಹುಟ್ಟಿಸಬೇಕಿತ್ತು. ಹಾಡುವ ಮುನ್ನ ಗುರುವಿನ ಹೆಸರು ಹೇಳಬೇಕಿತ್ತು. ತತ್ವಪದದ ಕೊನೆಗೆ ಅಂಕಿತ ಬಿಟ್ಟು ಹಾಡಿದರೆ ಹಾಡಿಯೇ ಇಲ್ಲ ಎನ್ನುವ ಹಿರಿಯರಿದ್ದಾರೆ. ಕೆಟ್ಟದ್ದಕ್ಕೆ ಬಳಸಿದರೆ ಮುಂದಿನ ಜಾತ್ರೆಯಲ್ಲಿ ಎದುರಿಗೇ ಸಿಕ್ಕು ಉಗಿಯುವ ಜನರಿದ್ದರು. ಕೊಟ್ಟವನಿಗೂ ಪಡೆದವನಿಗೂ ನಡುವೆ ಮರಳಿ ಹೋಗುವ ಒಂದು ದಾರಿ ಇರುತ್ತಿತ್ತು. ಸ್ಯಾಂಪಲ್ ಲೈಬ್ರರಿ ಅಳಿಸಿರುವುದು ಆ ದಾರಿಯನ್ನು.

ಈ ದಾರಿ ಉಳಿಯಲು ಮೂಲದ ದನಿಯೇ ಇರಬೇಕೆಂದೇನೂ ಇಲ್ಲ. ಅದಕ್ಕೂ ನಮ್ಮೂರಿನದೇ ಉದಾಹರಣೆ ಇದೆ. ಬೀಳಗಿಯ ಶಹನಾಯಿ ವಾದಕ ಅಪ್ಪಣ್ಣನ ಬದುಕಿನಿಂದ ಪ್ರೇರಣೆ ಪಡೆದು ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿ ಬರೆದರು. ಅದು 1977ರಲ್ಲಿ ‘ಸನಾದಿ ಅಪ್ಪಣ್ಣ’ ಸಿನಿಮಾ ಆಯಿತು. ತೆರೆಯ ಮೇಲಿನ ಮುಖ ರಾಜಕುಮಾರರದು, ಉಸಿರು ಬನಾರಸದ ಉಸ್ತಾದ್ ಬಿಸ್ಮಿಲ್ಲಾ ಖಾನರದು, ಕಥೆ ಬೀಳಗಿಯದು. ಮೂರು ಮನುಷ್ಯರು ಒಂದು ಪಾತ್ರದಲ್ಲಿ ಬೆರೆತಿದ್ದಾರೆ. ಆದರೂ ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಯಾರ ಪಾಲು ಯಾವುದೆಂದು ಎಲ್ಲರಿಗೂ ಗೊತ್ತು. ಬಿಸ್ಮಿಲ್ಲಾ ಖಾನರು ನುಡಿಸಿದ್ದಾರೆ ಎಂಬುದೇ ಕನ್ನಡಿಗರಿಗೆ ಹೆಮ್ಮೆಯ ಮಾತಾಯಿತು. ಬೇರ್ಪಡಿಸಿ ಬೆಸೆಯುವುದೇ ಸಿನಿಮಾದ ಕೆಲಸ, ನನ್ನ ಕೆಲಸವೂ ಅದೇ. ಬೆಸುಗೆಯಲ್ಲಿ ಹೆಸರುಗಳು ಉಳಿದರೆ ಅದು ಕೂಡಿಕೆ, ಹೆಸರುಗಳು ಅಳಿದರೆ ಅದು ನುಂಗುವಿಕೆ.

ಇದೆಲ್ಲ ನನಗೆ ಬರಿಯ ತತ್ವವಾಗಿ ಉಳಿಯಲಿಲ್ಲ. ಇತ್ತೀಚೆಗೆ ಸ್ಯಾಂಪಲ್ ಲೈಬ್ರರಿ ಮಾಡುವ ಹೊರಗಿನ ಕಂಪನಿಯೊಂದು ನನ್ನ ಮೂಲಕ ನಮ್ಮ ಕಡೆಯ ಕರಡಿ ಮಜಲಿನ ಮೇಳವೊಂದನ್ನು ಕೇಳಿತು. ಕೇಳಿದ್ದು ಕರಡಿ, ತಾಳ, ಶಹನಾಯಿ ಮೂರರ ಮುದ್ರಣ. ಕೊಡುವ ರೊಕ್ಕ ಕಡಿಮೆಯೇನಲ್ಲ. ಮೇಳದವರಿಗೆ ಒಂದು ಸುಗ್ಗಿಯ ಮದುವೆಗಳಲ್ಲಿ ಸಿಗುವಷ್ಟು. ಕರಾರು ಇಂಗ್ಲಿಷಿನಲ್ಲಿತ್ತು. ಅದರ ಸಾರ: ಒಂದೇ ಸಲದ ಪಾವತಿ, ಎಲ್ಲ ಬಗೆಯ ಬಳಕೆ, ಎಲ್ಲ ದೇಶಗಳಲ್ಲಿ, ಎಂದೆಂದಿಗೂ. ಅದನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿಗೆ ಬಂತು.

ಓದಿ ಮುಗಿಸಿದ ಮೇಲೆ ಮೇಳದ ಹಿರಿಯರು ಅಂದದ್ದು ಒಂದೇ ಮಾತು: “ಇದು ಮುಳುಗಡಿ ಪರಿಹಾರ ಇದ್ದಂಗ ಐತಲ್ಲೋ.”

ಬೀಳಗಿ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು, ಹೊಲ ಕೊಟ್ಟವರು ನಾವು. ಆಗಲೂ ರೊಕ್ಕ ಬಂತು, ಸಹಿ ಆಯಿತು. ನೀರು 519.60 ಮೀಟರಿಗೆ ನಿಂತಿತು. ಅದನ್ನು 524.256 ಮೀಟರಿಗೆ ಏರಿಸುವ ಮಾತು ಇವತ್ತಿಗೂ ನಡೆಯುತ್ತಿದೆ. ಕೊಟ್ಟ ನೆಲ ಕೆಳಗಿನವರಿಗೆ ನೀರಾಯಿತು, ಬೆಳಕಾಯಿತು, ಒಳ್ಳೆಯದೇ ಆಯಿತು. ಆದರೆ ಒಮ್ಮೆ ಎಣಿಸಿ ಕೊಟ್ಟ ರೊಕ್ಕದಲ್ಲಿ ಆ ಮುಂದಿನದ್ಯಾವುದೂ ಸೇರಿರಲಿಲ್ಲ. ಪಕ್ಕದ ಬಾಗಲಕೋಟೆಯಲ್ಲಿ ಮುಳುಗಿದ ಓಣಿಗಳ ಬದಲಿಗೆ ನವನಗರ ಎದ್ದಿತು. ಅಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು. ನನ್ನ ಕಂಪ್ಯೂಟರಿನ ಫೈಲುಗಳನ್ನು ನೋಡುವಾಗ ಆ ಸೆಕ್ಟರುಗಳು ನೆನಪಾಗುತ್ತವೆ. ಎಲ್ಲವೂ ಅಚ್ಚುಕಟ್ಟು. ಯಾರ ಓಣಿ ಎಂಬುದು ಮಾತ್ರ ಹೇಳಿಕೊಂಡವರಿಗೆ ಗೊತ್ತು.

ಕಾನೂನು ಏನೆನ್ನುತ್ತದೆ? ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರಲ್ಲಿ ಹಾಡುವವರ, ನುಡಿಸುವವರ ಹಕ್ಕು ಎಂಬ ಮಾತು ಸೇರಿದ್ದು 1994ರಲ್ಲಿ. ತನ್ನ ಹೆಸರು ಹೇಳಬೇಕು ಎಂದು ಕೇಳುವ ಹಕ್ಕು, ತನ್ನ ಪ್ರದರ್ಶನವನ್ನು ಕೆಡಿಸಿದರೆ ತಡೆಯುವ ಹಕ್ಕು ಬಂದದ್ದು 2012ರ ತಿದ್ದುಪಡಿಯಲ್ಲಿ. ಆದರೆ ಹೆಸರಿನ ಹಕ್ಕಿಗೆ ಒಂದು ಸಣ್ಣ ಬಾಲ ಅಂಟಿದೆ: ಬಳಕೆಯ ರೀತಿಯಿಂದಾಗಿ ಹೆಸರು ಬಿಡಬೇಕಾಗಿ ಬಂದರೆ ಬಿಡಬಹುದು. ಸ್ಯಾಂಪಲ್ ಎಂಬುದು ಇಡಿಯಾಗಿ ಆ ಬಾಲದ ಕೆಳಗೇ ನುಸುಳಬಲ್ಲದು. ಅರ್ಧ ಸೆಕೆಂಡಿನ ಕರಡಿಯ ಪೆಟ್ಟಿನ ಜೊತೆ ಯಾರ ಹೆಸರು ಹೇಳುತ್ತೀರಿ ಎಂದರೆ ಯಾರ ಬಳಿ ಉತ್ತರವಿದೆ?

ಅರ್ಧ ಸೆಕೆಂಡು ಸಣ್ಣದೆಂದು ತಿಳಿಯಬಾರದು. ಅಮೆರಿಕದ ದಿ ವಿನ್‌ಸ್ಟನ್ಸ್ ತಂಡ 1969ರಲ್ಲಿ ಮುದ್ರಿಸಿದ ‘ಅಮೆನ್, ಬ್ರದರ್’ ಎಂಬ ವಾದನದ ನಡುವೆ ಸುಮಾರು ಆರು ಸೆಕೆಂಡು ಡ್ರಮ್ ಒಂದೇ ಇದೆ. ಆ ಆರು ಸೆಕೆಂಡನ್ನು ಕತ್ತರಿಸಿ ಸಾವಿರಾರು ಹಾಡು ಕಟ್ಟಿದರು. ಸಂಗೀತದ ಹೊಸ ಪ್ರಕಾರಗಳೇ ಅದರ ಮೇಲೆ ನಿಂತವು. ನುಡಿಸಿದ ಗ್ರೆಗರಿ ಕೋಲ್‌ಮನ್ ಅದರಿಂದ ಒಂದು ಕಾಸೂ ಕಾಣದೆ 2006ರಲ್ಲಿ ಬಡತನದಲ್ಲಿ ತೀರಿಕೊಂಡರು. ಹೀಗಾಗಲಿ ಎಂದು ಯಾರೂ ಸಂಚು ಮಾಡಿರಲಿಲ್ಲ. ಪ್ರತಿಯೊಬ್ಬನೂ ತೆಗೆದುಕೊಂಡದ್ದು ಆರೇ ಸೆಕೆಂಡು.

ಇನ್ನು ಅಮೀರಬಾಯಿಯ ಮಾತಿಗೆ ಬಂದರೆ ಕಾನೂನು ಪೂರಾ ಮೌನ. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ 60 ವರ್ಷ. 1943ರ ಮುದ್ರಣದ ಅವಧಿ ಎಂದೋ ಮುಗಿದಿದೆ. ಸಾಹಿತ್ಯ, ಧಾಟಿಗಳ ಹಕ್ಕು ಬೇರೆ. ಆದರೆ ಎರಡು ಪದಗಳ ನಡುವೆ ಆಕೆ ಎಳೆದ ಒಂದು ಕೊನೆಯಿಲ್ಲದಂಥ ಸ್ವರವನ್ನು ಕತ್ತರಿಸಿ ನಾನು ನಾಳೆ ಕೀಬೋರ್ಡಿಗೆ ಹಂಚಿದರೆ, ಬೇಡ ಎನ್ನಲು ಯಾರೂ ಇಲ್ಲ. ಬೇಡ ಎನ್ನುವವರು ಇಲ್ಲದ ಇಂಥ ಕಡೆಯೇ ನೀತಿಯ ಪ್ರಶ್ನೆ ಶುರುವಾಗುತ್ತದೆ. 2024ರಲ್ಲಿ ‘ಲಾಲ್ ಸಲಾಂ’ ಚಿತ್ರಕ್ಕೆ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮತ್ತೆ ಹಾಡಿಸಿದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟಿದ್ದೇವೆ ಎಂದು ಸಾರಿ ಹೇಳಿದರು. ಸತ್ತವರು ಒಪ್ಪುತ್ತಿದ್ದರೇ ಎಂಬ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಆದರೂ ಹೆಸರು ಹೇಳಿದರು, ಮನೆಯವರ ಬಾಗಿಲು ತಟ್ಟಿದರು. ಅಷ್ಟಾದರೂ ಆಯಿತು.

ನಮ್ಮ ಮೇಳದ ವಿಷಯದಲ್ಲಿ ನನ್ನ ಮೊದಲ ಅನಿಸಿಕೆ ಬೇಡ ಎನ್ನಿಸುವುದೇ ಆಗಿತ್ತು. ಆದರೆ ರೊಕ್ಕ ಅವರದು, ತತ್ವ ನನ್ನದು. ಮಗಳ ಕಾಲೇಜಿನ ಫೀ ಕಟ್ಟಬೇಕಾದವನಿಗೆ ಕಲೆಯ ಮಾನದ ಬಗ್ಗೆ ನಾನು ಪಾಠ ಹೇಳುವುದು ಸುಲಭ, ಅಗ್ಗ. ಕಾಗದದಲ್ಲಿ ಏನಿದೆ ಎಂದು ಒಂದಕ್ಷರ ಮುಚ್ಚದೆ ಹೇಳುವುದು ನನ್ನ ಕೆಲಸ, ತೀರ್ಮಾನ ಅವರದು. ಅವರು ಎರಡು ದಿನ ಕೂತು ಮಾತಾಡಿ ತಂದ ಉತ್ತರ ನಾನು ಓದಿದ ಯಾವ ಕಾಯ್ದೆಗಿಂತಲೂ ಸ್ಪಷ್ಟವಾಗಿತ್ತು. “ಪೆಟ್ಟು ಒಯ್ಯಲಿ, ನಡಿಗಿ ಬ್ಯಾಡ” ಎಂದರು ಹಿರಿಯರು.

ಅಂದರೆ ಬಿಡಿ ಬಿಡಿ ಪೆಟ್ಟು, ಬಿಡಿ ಸ್ವರ ಕೊಡುತ್ತೇವೆ. ಕರಡಿ ಮಜಲಿನ ಚಾಲು ಕೊಡುವುದಿಲ್ಲ. ಕರಡಿ ಮಜಲು ಒಂದೇ ವೇಗದಲ್ಲಿ ನಡೆಯುವುದಲ್ಲ. ಪಲ್ಲಕ್ಕಿ ಓಣಿ ತಿರುಗುವಾಗ ನಿಧಾನ, ಗುಡಿ ಕಂಡಾಗ ಬಿರುಸು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಏರುತ್ತಾರೆ, ಇಳಿಯುತ್ತಾರೆ. ಸಾಫ್ಟ್‌ವೇರಿನ ಲೂಪಿಗೆ ನಿಮಿಷಕ್ಕೆ ಇಷ್ಟು ಬಡಿತ ಎಂಬ ಒಂದೇ ಅಂಕಿ ಬೇಕು. ಪೆಟ್ಟು ಎಂದರೆ ಅಕ್ಷರ, ಅದು ಎಲ್ಲರದು. ನಡಿಗೆ ಎಂದರೆ ಮಾತು, ಅದು ಅವರದು. ಕೊಡಬಹುದಾದದ್ದು ಮತ್ತು ಕೊಡಬಾರದ್ದರ ನಡುವಿನ ಗೆರೆಯನ್ನು ಆ ದನಿಯ ಯಜಮಾನರೇ ಎಳೆದರು. ಜೊತೆಗೆ ಇನ್ನೆರಡು ಕೇಳಿದರು: ಲೈಬ್ರರಿಯ ಹೆಸರಿನ ಜೊತೆ ಮೇಳದ ಹೆಸರು, ಊರ ಹೆಸರು ಇರಬೇಕು, ಮೂಲ ಮುದ್ರಣದ ಒಂದು ಪ್ರತಿ ತಮ್ಮ ಬಳಿ ಉಳಿಯಬೇಕು. ಈ ಮೂರನ್ನೂ ಬರೆದು ಕಳಿಸಿದೆ. ಕಂಪನಿ ಹೆಸರಿಗೆ ಒಪ್ಪಿದೆ, ಪ್ರತಿಗೆ ಒಪ್ಪಿದೆ. ನಡಿಗೆಗೆ ಇನ್ನೂ ಹಗ್ಗಜಗ್ಗಾಟ ನಡೆದಿದೆ. ನಡಿಗೆ ಇಲ್ಲದಿದ್ದರೆ ರೊಕ್ಕ ಅರ್ಧವಾಗಬಹುದು. ಮೇಳದವರಿಗೆ ಅದು ಗೊತ್ತಿದೆ.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರ ಲ್ಯಾಪ್‌ಟಾಪಿನಲ್ಲಿ ಇಂಥ ಲೈಬ್ರರಿಗಳಿರುತ್ತವೆ. ಬಳಸಬೇಡಿ ಎಂದು ಹೇಳುವ ಬಾಯಿ ನನಗಿಲ್ಲ. ಲೈಬ್ರರಿಯಲ್ಲಿ ‘ರಾಯಲ್ಟಿ ಫ್ರೀ’ ಎಂದು ಬರೆದಿರುತ್ತದೆ. ಅದರರ್ಥ ಕೊಡಬೇಕಾದ ರೊಕ್ಕ ಮುಗಿದಿದೆ ಎಂದಷ್ಟೇ. ನಿಮ್ಮ ಹಾಡಿನ ಕೆಳಗೆ ಹೆಸರುಗಳನ್ನು ಬರೆಯುವಾಗ ವಾದಕರ ಹೆಸರು ಹುಡುಕಿ, ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಲೈಬ್ರರಿ ಮಾಡಿದವರಿಗೆ ಒಂದು ಪತ್ರ ಹಾಕಿ, ಇದನ್ನು ಊದಿದವರು ಯಾರು ಎಂದು ಕೇಳಿ. ನನ್ನ ಕಂಪ್ಯೂಟರಿನ ಶಹನಾಯಿಯ ಬಗ್ಗೆ ನಾನೂ ಹಾಗೆ ಕೇಳಿ ಬರೆದಿದ್ದೇನೆ. ಉತ್ತರ ಬಂದ ದಿನ ಆ ಫೋಲ್ಡರಿನ ಹೆಸರು ಬದಲಾಗುತ್ತದೆ.